ಸಣ್ಣ ರಸ್ತೆಯ ಸುಂಕ

2025ರ ಡಿಸೆಂಬರಿನಲ್ಲಿ ಮೈಸೂರಿನ ನಮ್ಮ ಸಂಬಂಧಿಕರ ಮನೆಯಲ್ಲೊಂದು ವಲೀಮಾ ಇತ್ತು. ಬೆಂಗಳೂರಿನಿಂದ ಹೊರಡುವವರು ನಾವು ನಾಲ್ವರು. ನಾನು, ನನ್ನ ಹೆಂಡತಿ, ಕಾಲೇಜು ಓದುವ ಮಗ ಮತ್ತು ಎಂಬತ್ತರ ಹತ್ತಿರ ಬಂದಿರುವ ನನ್ನ ಅಬ್ಬಾ. ಹೊರಡುವ ಹಿಂದಿನ ರಾತ್ರಿ ಮಗ ಮೊಬೈಲಿನ ನಕ್ಷೆ ಹಿಡಿದು ಕೂತಿದ್ದ. ಅದರಲ್ಲಿ ‘ಹೆದ್ದಾರಿ ಬೇಡ’ ಎಂದು ಹೇಳುವುದಕ್ಕೂ ಒಂದು ಗುಂಡಿ ಇದೆ. ಅದನ್ನು ಒತ್ತಿದೊಡನೆ ನೇರವಾಗಿ ಮೈಸೂರು ಸೇರುತ್ತಿದ್ದ ನೀಲಿ ಗೆರೆ ಮಾಯವಾಗಿ, ಮಾಗಡಿ, ಕುದೂರು, ಕುಣಿಗಲ್, ಹುಲಿಯೂರುದುರ್ಗ, ಮದ್ದೂರು, ಮಳವಳ್ಳಿ, ಬನ್ನೂರು ಎಂದು ಊರೂರು ಸುತ್ತುವ ಇನ್ನೊಂದು ಗೆರೆ ಮೂಡಿತು.

“ದಾದಾ, ಈ ದಾರೀಲಿ ಹೋದ್ರೆ ನೋಡೋಕೆ ಚೆನ್ನಾಗಿರುತ್ತೆ” ಎಂದ.

“ಏನನ್ನು ನೋಡೋಕೆ?” ಎಂದರು ಅಬ್ಬಾ.

“ಕೆರೆ, ಬೆಟ್ಟ, ಹೊಲ, ಹಳ್ಳಿ, ಹಳ್ಳಿ ಜನ...”

“ಅವರು ನಿನ್ನನ್ನು ನೋಡೋದಿಲ್ವಾ?”

ಮಗ ನಕ್ಕುಬಿಟ್ಟ. ನಾನೂ ನಕ್ಕೆ. ಮೂವತ್ತು ವರ್ಷ ಖಾಸಗಿ ಬಸ್ಸು ಓಡಿಸಿದ ಮನುಷ್ಯನ ಮಾತು ಅದು. ಕುಣಿಗಲ್ಲಿನಿಂದ ಮದ್ದೂರು, ಮಳವಳ್ಳಿಯ ಕಡೆಗೆ ಹೋಗುವ ರಸ್ತೆ ಅವರ ಪಾಲಿಗೆ ದಿನಕ್ಕೆರಡು ಬಾರಿ ಮಾಡಿದ ಕೆಲಸ. ಅದನ್ನು ‘ನೋಡಲು’ ಹೋಗುವುದೆಂದರೆ ಅವರಿಗೆ ವಿಚಿತ್ರವಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಮಗ ಮಾತ್ರ ಕಾಗದದ ಮೇಲೆ ವೇಳಾಪಟ್ಟಿ ಬರೆದೇ ಬಿಟ್ಟ. ಏಳಕ್ಕೆ ಮಾಗಡಿ, ಒಂಬತ್ತಕ್ಕೆ ಕುಣಿಗಲ್ ಕೆರೆ, ಹನ್ನೊಂದಕ್ಕೆ ಮದ್ದೂರಿನಲ್ಲಿ ವಡೆ, ಮಧ್ಯಾಹ್ನ ಸೋಮನಾಥಪುರ, ಸಂಜೆಗೆ ಮೈಸೂರು. ಎಲ್ಲಿ ಎಷ್ಟು ನಿಮಿಷ ನಿಲ್ಲಬೇಕು, ಎಲ್ಲಿ ಫೋಟೋ ತೆಗೆಯಬೇಕು ಎಂಬುದೂ ಅದರಲ್ಲಿತ್ತು.

ಈ ಪ್ರಯಾಣದಲ್ಲಿ ನಡೆದ ಒಂದು ಸಣ್ಣ ಘಟನೆ ನನ್ನನ್ನು ಇಂದಿಗೂ ಬಿಟ್ಟಿಲ್ಲ. ಅದನ್ನು ಹೇಳುವ ಮೊದಲು ಹೆದ್ದಾರಿಯ ಬಗ್ಗೆ ಎರಡು ಮಾತು ಹೇಳಬೇಕು.

ಬೆಂಗಳೂರು–ಮೈಸೂರು ನಡುವಿನ 118 ಕಿಲೋಮೀಟರಿನ ಹೊಸ ಹೆದ್ದಾರಿ ಉದ್ಘಾಟನೆಯಾದದ್ದು 2023ರ ಮಾರ್ಚ್ 12ರಂದು. ಅದು ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳನ್ನು ಬದಿಗಿಟ್ಟು ಹೋಗುತ್ತದೆ. ಬಿಡದಿಯ ತಟ್ಟೆ ಇಡ್ಲಿ, ಚನ್ನಪಟ್ಟಣದ ಗೊಂಬೆ, ಮದ್ದೂರಿನ ವಡೆ ಇವೆಲ್ಲ ಹಳೆಯ ರಸ್ತೆಯ ಜನ ದಾರಿಹೋಕರನ್ನು ನಂಬಿ ಕಟ್ಟಿಕೊಂಡ ಬದುಕುಗಳು. ಹೊಸ ರಸ್ತೆ ತೆರೆದ ಮೇಲೆ ವ್ಯಾಪಾರ ಬಿದ್ದುಹೋಯಿತೆಂದು ಅವರು ಗೋಳು ಹೇಳಿಕೊಂಡದ್ದನ್ನು ಆ ವರ್ಷ ಪತ್ರಿಕೆಗಳಲ್ಲಿ ಓದಿದ್ದೇವೆ. ಅದೇ ವರ್ಷದ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್‌ಗಳಿಗೆ ಆ ರಸ್ತೆಯ ಮುಖ್ಯ ಪಥಗಳಲ್ಲಿ ಪ್ರವೇಶ ನಿಂತಿತು. ಅಪಘಾತಗಳು ಹೆಚ್ಚಾಗಿದ್ದುದರಿಂದ ಕೈಗೊಂಡ ಕ್ರಮ. ಕಾರಣ ಸರಿಯಾದದ್ದೇ. ಆದರೆ ಒಂದು ವಿಷಯ ಸ್ಪಷ್ಟವಾಯಿತು. ಹೆದ್ದಾರಿಯನ್ನು ತಪ್ಪಿಸಿ ಹೋಗುವವರಲ್ಲಿ ಎರಡು ಜಾತಿ. ಒಂದು, ನನ್ನ ಮಗನಂತೆ ಗುಂಡಿ ಒತ್ತಿ ಇಷ್ಟಪಟ್ಟು ತಪ್ಪಿಸುವವರು. ಇನ್ನೊಂದು, ಹೆದ್ದಾರಿಯೇ ಬೇಡವೆಂದು ತಳ್ಳಿದವರು. ನಮಗೆ ಸೊಗಸಾಗಿ ಕಾಣುವ ದಾರಿ ಅವರಿಗೆ ಇರುವ ಒಂದೇ ದಾರಿ.

ಹಾಗೆಂದು ಹೆದ್ದಾರಿಯನ್ನು ಬೈಯುವ ಹಕ್ಕು ನನಗಿಲ್ಲ. ಅಬ್ಬಾ ಒಂದು ಕತೆ ಹೇಳುತ್ತಿದ್ದರು. ಒಮ್ಮೆ ಅವರ ಬಸ್ಸಿನಲ್ಲಿ ಹೆಂಗಸೊಬ್ಬಳಿಗೆ ಹೆರಿಗೆ ನೋವು ಕಾಣಿಸಿಕೊಂಡಿತು. ಅಬ್ಬಾ ಯಾರನ್ನೂ ಕೇಳದೆ, ಪ್ರಯಾಣಿಕರ ಸಮೇತ ಬಸ್ಸನ್ನು ಮಾರ್ಗ ಬಿಟ್ಟು ಆಸ್ಪತ್ರೆಗೆ ತಿರುಗಿಸಿದರು. ಗುಂಡಿ ಬಿದ್ದ ಆ ರಸ್ತೆಯಲ್ಲಿ ಜೋರಾಗಿ ಓಡಿಸುವಂತೆಯೂ ಇಲ್ಲ, ನಿಧಾನ ಮಾಡುವಂತೆಯೂ ಇಲ್ಲ. “ಆವತ್ತು ಒಂದು ಒಳ್ಳೇ ರಸ್ತೆಗಾಗಿ ನಾನು ದುವಾ ಮಾಡಿದಷ್ಟು ಇನ್ನಾವುದಕ್ಕೂ ಮಾಡಿಲ್ಲ” ಎನ್ನುತ್ತಿದ್ದರು. ಮಗು ಬದುಕಿತು. ಸಣ್ಣ ರಸ್ತೆಯ ಚೆಲುವನ್ನು ಹೊಗಳುವವರು, ಆ ರಸ್ತೆಯಲ್ಲಿ ರಾತ್ರಿ ಹೊತ್ತು ರೋಗಿಯನ್ನು ಹೊತ್ತು ಹೋಗುವವರ ಮುಂದೆ ನಿಂತು ಆ ಮಾತನ್ನು ಹೇಳಬಲ್ಲರೇ ಎಂದು ಕೇಳಿಕೊಳ್ಳುವುದು ಒಳ್ಳೆಯದು.

ಇನ್ನೊಂದು ಮಾತನ್ನೂ ಮುಚ್ಚಿಡದೆ ಹೇಳಬೇಕು. ಸಣ್ಣ ರಸ್ತೆಯಲ್ಲಿ ಹೋಗೋಣವೆಂದಾಗ ನನ್ನ ಹೆಂಡತಿ ಹಿಂಜರಿದಳು. ಅಬ್ಬಾನ ಗಡ್ಡ, ಟೋಪಿ, ತನ್ನ ಬುರ್ಖಾ. “ಗೊತ್ತಿಲ್ಲದ ಊರಲ್ಲಿ ಇಳಿದು ನಿಂತರೆ ಯಾರು ಏನು ಕೇಳ್ತಾರೋ” ಎಂದಳು. ಇಂಥ ಅಳುಕು ಇಂದಿನ ದಿನಗಳಲ್ಲಿ ಅನೇಕ ಮನೆಗಳಲ್ಲಿದೆ, ಅದನ್ನು ಹುಸಿಯೆಂದು ತಳ್ಳಿಹಾಕಲಾರೆ. ಹೆದ್ದಾರಿಯಲ್ಲಿ ಯಾರೂ ಯಾರ ಹೆಸರನ್ನೂ ಕೇಳುವುದಿಲ್ಲ. ಎಲ್ಲರೂ ಬರಿಯ ವಾಹನಗಳು. ಈ ಅನಾಮಿಕತೆಯಲ್ಲೂ ಒಂದು ನೆಮ್ಮದಿಯಿದೆ. ಊರೊಳಗಿನ ರಸ್ತೆಯಲ್ಲಿ ಮನುಷ್ಯನಿಗೆ ಮುಖ ಬರುತ್ತದೆ, ಹೆಸರು ಬರುತ್ತದೆ, ಉಡುಪು ಬರುತ್ತದೆ. ಅಬ್ಬಾ ಕೇಳಿದ “ಅವರು ನಿನ್ನನ್ನು ನೋಡೋದಿಲ್ವಾ?” ಎಂಬ ಪ್ರಶ್ನೆಗೆ ಈ ಅರ್ಥವೂ ಇತ್ತೆಂದು ನನಗೆ ಆಮೇಲೆ ಹೊಳೆಯಿತು.

ಅಂತೂ ಹೊರಟೆವು. ಮಾಗಡಿ ದಾಟಿ ಹುಲಿಕಲ್–ಕುದೂರು ರಸ್ತೆಗೆ ಬಂದಾಗ ಆಲದ ಮರಗಳ ಸಾಲು ಸಿಕ್ಕಿತು. ಸಾಲುಮರದ ತಿಮ್ಮಕ್ಕ ತೀರಿಕೊಂಡು ಆಗಿನ್ನೂ ತಿಂಗಳಾಗಿತ್ತಷ್ಟೆ. ಮಕ್ಕಳಿಲ್ಲದ ಆ ದಂಪತಿ ಕೊಡಗಳಲ್ಲಿ ನೀರು ಹೊತ್ತು ಸುಮಾರು ನಾಲ್ಕು ಕಿಲೋಮೀಟರಿನುದ್ದಕ್ಕೂ ಬೆಳೆಸಿದ ಮರಗಳವು. 2019ರಲ್ಲಿ ರಸ್ತೆ ಅಗಲ ಮಾಡುವ ಯೋಜನೆಯಿಂದ ಅವುಗಳಿಗೇ ಕುತ್ತು ಬಂದಾಗ ಆ ಅಜ್ಜಿ ಮುಖ್ಯಮಂತ್ರಿಗಳಿಗೆ ಮೊರೆಯಿಡಬೇಕಾಯಿತು. ಮಗ ಕಾರು ನಿಲ್ಲಿಸಿ ಫೋಟೋ ತೆಗೆದ. ಅಬ್ಬಾ ಇಳಿದು ಒಂದು ಮರದ ಬುಡದಲ್ಲಿ ಕೂತರು. “ಇದನ್ನ ನೆಟ್ಟವಳು ಕಾರಲ್ಲಿ ಬರೋರಿಗೆ ಅಂತ ನೆಡಲಿಲ್ಲ. ನಡೆಯೋರಿಗೆ ಅಂತ ನೆಟ್ಟಳು. ಇದರ ಬೆಲೆ ತಿಳೀಬೇಕಾದ್ರೆ ಸ್ವಲ್ಪ ಹೊತ್ತು ಕೂರಬೇಕು” ಎಂದರು. ವೇಳಾಪಟ್ಟಿಯಲ್ಲಿ ಹತ್ತು ನಿಮಿಷವಿತ್ತು. ಹದಿನೈದಾಯಿತು. ಮಗ ಎರಡು ಬಾರಿ ಗಡಿಯಾರ ನೋಡಿದ.

ಕುಣಿಗಲ್ ದಾಟಿದ ಮೇಲೆ ರಸ್ತೆಯ ತುಂಬ ರಾಗಿ ತೆನೆ. ಸುಗ್ಗಿಯ ಕಾಲ. ಮುಂದೆ ಒಂದು ಕಡೆ ಹುರುಳಿ ಗಿಡಗಳನ್ನೂ ಹರಡಿದ್ದರು. ವಾಹನಗಳು ಅದರ ಮೇಲೆ ಹಾದು ಕಾಳು ಉದುರಿಸಬೇಕು. ಮಗನಿಗೆ ಸಿಟ್ಟು ಬಂತು. “ರೋಡ್ ಇವರಪ್ಪಂದಾ?” ಎಂದ. ಅವನ ಸಿಟ್ಟು ಪೂರ್ತಿ ತಪ್ಪೂ ಅಲ್ಲ. ಹುರುಳಿ ಬಳ್ಳಿ ಕಾರಿನಡಿ ಸುತ್ತಿಕೊಂಡು ಬೆಂಕಿ ಹತ್ತಿದ ಸುದ್ದಿಗಳು ಬಂದಿವೆ, ಬೈಕಿನವರು ಜಾರಿ ಬಿದ್ದದ್ದೂ ಇದೆ. ಅಬ್ಬಾ ಹೇಳಿದರು, “ಹುರುಳಿ ಇರೋ ಕಡೆ ಪಕ್ಕಕ್ಕೆ ತಗೋ. ರಾಗಿ ಮೇಲೆ ಮೆಲ್ಲಗೆ ಹೋಗು. ಮೊದಲು ಊರಿಗೊಂದು ಕಣ ಇತ್ತು, ಈಗ ಕಣ ಎಲ್ಲಿದೆ? ಆಳು ಎಲ್ಲಿದಾರೆ?” ಮಗ ನಿಧಾನವಾಗಿ ಓಡಿಸಿದ. ಬದಿಯಲ್ಲಿ ನಿಂತಿದ್ದ ರೈತ ಕೈಯೆತ್ತಿ ನಕ್ಕ. ನಾವು ಅವನ ಕಣದಲ್ಲಿ ಒಂದು ಸುತ್ತು ದುಡಿದು ಬಂದಂತಾಗಿತ್ತು. ರಸ್ತೆಯೆಂದರೆ ಕೇವಲ ಹಾದುಹೋಗುವ ಜಾಗವಲ್ಲ, ಅದರ ಬದಿಯಲ್ಲಿ ಇರುವವರಿಗೆ ಅದು ಅಂಗಳವೂ ಹೌದು ಎಂಬುದನ್ನು ಆ ನಗು ಹೇಳಿತು.

ಹುಲಿಯೂರುದುರ್ಗ ಬಿಟ್ಟು ಸ್ವಲ್ಪ ಮುಂದೆ ಬಂದಾಗ, ತಂಗುದಾಣವೂ ಇಲ್ಲದ ಒಂದು ತಿರುವಿನಲ್ಲಿ, ವಯಸ್ಸಾದ ಹೆಂಗಸೊಬ್ಬರು ಚೀಲ ಹಿಡಿದು ನಿಂತು ಕೈಯೊಡ್ಡಿದರು. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ 2023ರ ಜೂನ್ 11ರಿಂದ ಟಿಕೆಟ್ ಇಲ್ಲ. ಆದರೆ ಟಿಕೆಟ್ ಇಲ್ಲದಿದ್ದರೇನು, ಬಸ್ಸು ಬರಬೇಕಲ್ಲ? ಹಿಂದಿನ ಸೀಟಿನಿಂದ ಅಬ್ಬಾ ಮೆಲ್ಲಗೆ “ಗಾಡಿ ನಿಲ್ಲಿಸು” ಎಂದರು. ಮಗನಿಗೆ ಕೇಳಿಸಿತೋ ಇಲ್ಲವೋ. ನನಗಂತೂ ಕೇಳಿಸಿತು. ನಾನು ಹಿಂತಿರುಗಿ ನೋಡಿದೆ. ಸೀಟಿನಲ್ಲಿ ಒಬ್ಬರಿಗೆ ಜಾಗವಿತ್ತು. ಅಲ್ಲಿ ನಮ್ಮ ಬುತ್ತಿಯ ಚೀಲ ಕೂತಿತ್ತು. ‘ಆಗಲೇ ತಡವಾಗಿದೆ’, ‘ಯಾರೋ ಏನೋ’, ‘ನಮ್ಮನ್ನು ನೋಡಿ ಅವರೇ ಹತ್ತಲಿಕ್ಕಿಲ್ಲ’ ಎಂದು ಮೂರು ಕಾರಣಗಳು ಮೂರು ಕ್ಷಣದಲ್ಲಿ ನನ್ನ ತಲೆಗೆ ಬಂದವು. ನಾನು ಸುಮ್ಮನಿದ್ದೆ. ಕಾರು ಮುಂದೆ ಹೋಯಿತು.

ಎರಡು ಕಿಲೋಮೀಟರು ದಾಟಿರಲಿಲ್ಲ, ಒಂದು ಕೆರೆ ಸಿಕ್ಕಿತು. ತಾವರೆ ಅರಳಿತ್ತು, ಬೆಳ್ಳಕ್ಕಿಗಳಿದ್ದವು. ಮಗ ಕಾರು ನಿಲ್ಲಿಸಿದ. ವೇಳಾಪಟ್ಟಿಯಲ್ಲಿ ಇಲ್ಲದ ನಿಲುಗಡೆ ಅದು. ಎಲ್ಲರೂ ಇಳಿದೆವು, ಅಬ್ಬಾ ಒಬ್ಬರನ್ನು ಬಿಟ್ಟು. ಹತ್ತು ನಿಮಿಷ ಫೋಟೋ ತೆಗೆಯುತ್ತಾ ನಿಂತೆವು. ಅಷ್ಟರಲ್ಲಿ ಹಿಂದಿನಿಂದ ಒಂದು ಲಗೇಜ್ ಆಟೋ ಬಂತು. ಹಿಂಡಿ ಮೂಟೆಗಳ ಮೇಲೆ ಅದೇ ಹೆಂಗಸು ಕೂತಿದ್ದರು. ನಮ್ಮನ್ನು ಕಂಡು ಆಟೋ ನಿಲ್ಲಿಸಿದರು. ನಾನು ಬೈಗುಳಕ್ಕೆ ಮೈಯೊಡ್ಡಿ ನಿಂತೆ.

“ಯಾಕಪ್ಪಾ, ಗಾಡಿ ಕೆಟ್ಟೋಯ್ತಾ? ಮುಂದಿನ ಊರಲ್ಲಿ ರಿಪೇರಿಯವ್ನು ಅವ್ನೆ. ಹೇಳಿ ಕಳುಸ್ಲಾ?” ಎಂದರು.

ನನಗೆ ಉತ್ತರ ಹೊಳೆಯಲಿಲ್ಲ. ಗಾಡಿ ಕೆಟ್ಟಿಲ್ಲಮ್ಮ, ಹೂವು ನೋಡಲು ನಿಂತಿದ್ದೇವೆ ಎಂದು ಹೇಳುವುದು ಹೇಗೆ? ಕೈಯೊಡ್ಡಿದ ಮನುಷ್ಯರಿಗೆ ನಿಲ್ಲದವರು ತಾವರೆಗೆ ನಿಂತೆವು ಎಂದು ಹೇಳುವುದು ಹೇಗೆ? ಅವಸರದಲ್ಲಿರುವವರು ದಾರಿಯಲ್ಲಿ ನಿಂತರೆ ಏನೋ ತೊಂದರೆಯೇ ಇರಬೇಕೆಂಬುದು ಅವರ ಲೆಕ್ಕ. ನಮ್ಮ ಮೇಲೆ ಸಿಟ್ಟಾಗುವ ಬದಲು ನಮ್ಮನ್ನು ಕಷ್ಟದಲ್ಲಿರುವವರೆಂದು ತಿಳಿದರು. ಅಬ್ಬಾನ ಟೋಪಿಯನ್ನೂ ನೋಡಿದರು, ನನ್ನ ಹೆಂಡತಿಯ ಬುರ್ಖಾವನ್ನೂ ನೋಡಿದರು. ಕೇಳಿದ್ದು ಮಾತ್ರ ಗಾಡಿಯ ವಿಷಯ. ಒಬ್ಬ ತಾಯಿಯ ಒಂದು ಮಾತಿನಿಂದ ನಾಡಿನ ಎಲ್ಲ ಅಳುಕೂ ಕರಗಿತೆಂದು ಹೇಳಲಾರೆ. ಆದರೆ ಆ ದಿನ, ಆ ರಸ್ತೆಯಲ್ಲಿ, ಇನ್ನೊಬ್ಬರನ್ನು ನೋಡಿ ಮುಖ ತಿರುಗಿಸಿದವನು ನಾನೇ ಆಗಿದ್ದೆ. ಯಾರು ನಮ್ಮನ್ನು ಹೇಗೆ ನೋಡುವರೋ ಎಂದು ಹೆದರಿದ್ದ ನಾವು, ನಾವು ಅವರನ್ನು ಹೇಗೆ ನೋಡಿದೆವೆಂದು ಕೇಳಿಕೊಂಡಿರಲೇ ಇಲ್ಲ.

ನಾನು ನಾಲ್ಕನೆಯ ತರಗತಿಯವರೆಗೆ ಉರ್ದು ಶಾಲೆಯಲ್ಲಿ ಓದಿ, ಆಮೇಲೆ ಕನ್ನಡ ಶಾಲೆಗೆ ಬಂದವನು. ಎರಡೂ ಭಾಷೆಗಳಲ್ಲಿ ಓಡಾಡುವ ಪದಗಳ ಜಾಡು ಹಿಡಿಯುವುದು ನನ್ನ ಹಳೆಯ ಚಟ. ಆ ದಿನ ನನ್ನನ್ನು ಕಾಡಿದ ಪದ ‘ತಮಾಷೆ’. ಉರ್ದುವಿನ ‘ತಮಾಶಾ’ ನಮಗೆ ಫಾರಸಿಯಿಂದ ಬಂದದ್ದು. ಅದರ ಬೇರು ಅರಬ್ಬಿಯಲ್ಲಿದೆ, ಅಲ್ಲಿ ಅದಕ್ಕೆ ಜೊತೆಯಾಗಿ ನಡೆಯುವುದು ಎಂಬ ಅರ್ಥ. ಜೊತೆಯಾಗಿ ನಡೆಯುವುದು ಹೋಗಿ ಸುತ್ತಾಡುವುದಾಯಿತು, ಸುತ್ತಾಡುವುದು ಹೋಗಿ ನೋಡುವುದಾಯಿತು, ಕೊನೆಗೆ ನೋಟವೇ ತಮಾಶಾ ಆಯಿತು, ಕನ್ನಡಕ್ಕೆ ಬರುವಷ್ಟರಲ್ಲಿ ನಗೆಚಾಟಿಕೆಯೂ ಆಯಿತು. ಒಂದು ಪದ ತನ್ನ ದಾರಿಯಲ್ಲಿ ಕಳೆದುಕೊಂಡದ್ದನ್ನೇ ನಾವೂ ನಮ್ಮ ದಾರಿಯಲ್ಲಿ ಕಳೆದುಕೊಂಡಿದ್ದೇವೆ. ಜೊತೆಗೆ ನಡೆಯಬೇಕಾದವರನ್ನು ನಾವು ನೋಡತೊಡಗಿದ್ದೇವೆ.

ರಸ್ತೆಬದಿಯಲ್ಲಿ ಕೂರುವವರು ರಸ್ತೆಗೆ ಅದರ ಹಕ್ಕನ್ನು ಸಲ್ಲಿಸಬೇಕೆಂದು ಪ್ರವಾದಿವರ್ಯರು (ಸ) ಕಲಿಸಿದ ಹದೀಸನ್ನು ನಾವೆಲ್ಲ ಚಿಕ್ಕಂದಿನಲ್ಲೇ ಕೇಳಿದ್ದೇವೆ. ಹಕ್ಕುಗಳ ಆ ಪಟ್ಟಿಯಲ್ಲಿ ಮೊದಲು ಬರುವುದು ದೃಷ್ಟಿಯನ್ನು ತಗ್ಗಿಸುವುದು. ಆಮೇಲೆ ಯಾರಿಗೂ ತೊಂದರೆ ಕೊಡದಿರುವುದು, ಸಲಾಮಿಗೆ ಮರುಸಲಾಮು ಹೇಳುವುದು. ಇದನ್ನು ಹೆಣ್ಣುಮಕ್ಕಳನ್ನು ದಿಟ್ಟಿಸಬಾರದೆಂಬ ಮಾತಾಗಿ ಮಾತ್ರ ನಾನು ಅರ್ಥ ಮಾಡಿಕೊಂಡಿದ್ದೆ. ಕೈಯಲ್ಲಿ ಕ್ಯಾಮೆರಾ ಹಿಡಿದು ಹಳ್ಳಿಯ ಮನೆಯಂಗಳ, ನಲ್ಲಿ ಮುಂದೆ ಕೊಡ ಹಿಡಿದವರು, ಕಟ್ಟೆಯ ಮೇಲಿನ ಮುದುಕರು ಎಲ್ಲವನ್ನೂ ಕೇಳದೆ ತುಂಬಿಕೊಳ್ಳುವ ನಮಗೂ ಆ ಮಾತು ಅನ್ವಯಿಸಬೇಡವೇ? ನಮ್ಮ ಕನ್ನಡದ ‘ಹಕ್ಕು’ ಅದೇ ಅರಬ್ಬಿ ಪದ. ಆದರೆ ನಾವು ಅದನ್ನು ಯಾವಾಗಲೂ ನಮಗೆ ಬರಬೇಕಾದದ್ದೆಂದು ಬಳಸುತ್ತೇವೆ. ದಾರಿಗೆ ನಮ್ಮಿಂದ ಸಲ್ಲಬೇಕಾದ ಹಕ್ಕೂ ಒಂದಿದೆಯೆಂಬುದು ಮರೆತುಹೋಗಿದೆ.

1325ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ ಟ್ಯಾಂಜಿಯರ್‌ನಿಂದ ಹೊರಟ ಇಬ್ನ್ ಬತೂತಾನಿಗೆ, ಆದಷ್ಟು ಮಟ್ಟಿಗೆ ಒಮ್ಮೆ ಹೋದ ದಾರಿಯಲ್ಲಿ ಮತ್ತೆ ಹೋಗಬಾರದೆಂಬ ಒಂದು ನಿಯಮವಿತ್ತು. ಬಳಸುದಾರಿಗಳ ಪ್ರಿಯರಿಗೆಲ್ಲ ಅವನು ಹಿರಿಯ. ನಮ್ಮ ಹೊನ್ನಾವರಕ್ಕೂ ಬಂದಿದ್ದ. ಅಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆಗಳೂ ಗಂಡುಮಕ್ಕಳಿಗೆ 23 ಶಾಲೆಗಳೂ ಇದ್ದವೆಂದು ದಾಖಲಿಸಿದ್ದಾನೆ. ಹಾದುಹೋಗುವವನಿಗೆ ಇಂಥ ಲೆಕ್ಕ ಸಿಗುವುದಿಲ್ಲ, ಕೂತು ವಿಚಾರಿಸಿದವನಿಗೆ ಮಾತ್ರ ಸಿಗುತ್ತದೆ. ಮಲಬಾರಿನ ದಾರಿಯಲ್ಲಿ ಅರ್ಧರ್ಧ ಮೈಲಿಗೊಂದು ಮರದ ಮನೆ, ಕೂರಲು ಜಗಲಿ, ಒಂದು ಬಾವಿ, ನೀರು ಕೊಡಲು ಒಬ್ಬ ಮನುಷ್ಯ ಇದ್ದುದನ್ನೂ ಬರೆದಿದ್ದಾನೆ. ಎಲ್ಲ ಧರ್ಮದವರೂ ಅಲ್ಲಿ ಕೂರಬಹುದಿತ್ತು. ಆದರೆ ಹಿಂದೂಗಳಿಗೆ ಪಾತ್ರೆಯಲ್ಲಿ ನೀರು, ಮುಸ್ಲಿಮರಿಗೆ ಬೊಗಸೆಗೆ ಸುರಿಯುವ ನೀರು. ಹಿಂದಿನ ಕಾಲ ಬಹಳ ಚೆಂದವಿತ್ತೆಂದು ನಾನು ಹೇಳುತ್ತಿಲ್ಲ. ಪಾತ್ರೆಯಲ್ಲಿ ಭೇದವಿತ್ತು. ಆದರೂ ದಾರಿಯಲ್ಲಿ ಬಾಯಾರಿದವನು ನೀರಿಲ್ಲದೆ ಹೋಗಬಾರದೆಂಬ ಹೊಣೆಯನ್ನು ಯಾರೋ ಹೊತ್ತಿದ್ದರು. ನಮ್ಮ ಊರುಗಳ ಅರವಟ್ಟಿಗೆಗಳು ಅದೇ ಹೊಣೆಯ ಮುಂದುವರಿಕೆ.

“ಹಾಗಾದರೆ ಕೈಯೊಡ್ಡಿದವರನ್ನೆಲ್ಲ ಕಾರಿಗೆ ಹತ್ತಿಸಿಕೊಳ್ಳಬೇಕೇ? ಕಾಲ ಕೆಟ್ಟಿದೆ” ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ರಾತ್ರಿ ಒಬ್ಬಂಟಿಯಾಗಿ ಹೋಗುವ ಹೆಣ್ಣುಮಗಳಿಗೆ ನಾನು ಈ ಮಾತನ್ನು ಹೇಳಲಾರೆ. ಎಚ್ಚರಿಕೆ ತಪ್ಪಲ್ಲ. ಆದರೆ ನಾವು ಎಚ್ಚರಿಕೆಯೆಂದು ಕರೆಯುವುದರಲ್ಲಿ ಎಷ್ಟು ಭಾಗ ನಿಜವಾಗಿ ಎಚ್ಚರಿಕೆ, ಎಷ್ಟು ಭಾಗ ಸೋಮಾರಿತನ ಎಂದು ಅಳೆದು ನೋಡಬೇಕು. ಹಾಡುಹಗಲು, ನಾಲ್ಕು ಜನರಿದ್ದ ಕಾರಿನಲ್ಲಿ, ಚೀಲ ಹಿಡಿದ ಒಬ್ಬ ಮುದುಕಿಗೆ ನಾನು ಹೆದರಿದೆನೆಂದರೆ ನನ್ನ ಅಬ್ಬಾ ನಂಬುವುದಿಲ್ಲ. ನಾನು ಹೆದರಲಿಲ್ಲ. ಬುತ್ತಿಯ ಚೀಲವನ್ನು ಎತ್ತಿ ಡಿಕ್ಕಿಗಿಡುವ ಶ್ರಮ ಬೇಡವಾಗಿತ್ತು, ಅಷ್ಟೆ.

ಹೆದ್ದಾರಿಯಲ್ಲಿ ನಾವು ಸುಂಕ ಕಟ್ಟುತ್ತೇವೆ. ಫಾಸ್ಟ್ಯಾಗ್ ಬಂದ ಮೇಲೆ ಅದೂ ನಮ್ಮ ಕೈಯಿಂದಲ್ಲ, ಖಾತೆಯಿಂದ ತಾನಾಗಿ ಹೋಗುತ್ತದೆ. ಹಣ ಸಂದಿತು, ಋಣ ತೀರಿತು. ಅಲ್ಲಿ ಯಾರಿಗೂ ನಾವು ಏನೂ ಬಾಕಿಯಿಲ್ಲ. ಸಣ್ಣ ರಸ್ತೆಯಲ್ಲಿ ಸುಂಕದ ಕಟ್ಟೆ ಇಲ್ಲದಿರುವುದರಿಂದ ಅದು ಬಿಟ್ಟಿಯೆಂದು ತಿಳಿಯುತ್ತೇವೆ. ಅದು ಬಿಟ್ಟಿಯಲ್ಲ. ತಿಮ್ಮಕ್ಕನ ನೆರಳಿಗೆ, ಕೆರೆಯ ಹೂಳು ತೆಗೆದವರ ಬೆವರಿಗೆ, ನಮ್ಮ ಕಣ್ಣಿಗೆ ಹಸಿರಾಗಿ ಕಾಣುವ ಗದ್ದೆಯ ಸಾಲಕ್ಕೆ ಯಾರೋ ಬೆಲೆ ಕೊಟ್ಟಿದ್ದಾರೆ. ಅಲ್ಲಿಯ ಸುಂಕವನ್ನು ಹಣದಲ್ಲಿ ಕಟ್ಟಲಾಗುವುದಿಲ್ಲ, ನಿಲ್ಲುವುದರಲ್ಲಿ ಕಟ್ಟಬೇಕು. ವಸೂಲಿ ಮಾಡುವವರಿಲ್ಲದ ಸುಂಕವನ್ನು ಕಟ್ಟುತ್ತೇವೋ ಇಲ್ಲವೋ ಎಂಬುದರಲ್ಲೇ ಮನುಷ್ಯನ ಪರೀಕ್ಷೆ.

ಆದ್ದರಿಂದ ಇಂಥ ಪ್ರಯಾಣದ ಯೋಜನೆ ಹಾಕುವ ತರುಣರಿಗೆ ನನ್ನದೊಂದು ಮನವಿ. ದಾರಿಯ ಊರುಗಳನ್ನು ಗುರುತಿಸುವ ಮೊದಲು ದಿನದಲ್ಲಿ ಎರಡು ಗಂಟೆಯನ್ನು ಯಾವ ಜಾಗಕ್ಕೂ ಹಂಚದೆ ಉಳಿಸಿಕೊಳ್ಳಿ. ಅದು ದಾರಿಯವರ ಪಾಲು. ಊಟವನ್ನೆಲ್ಲ ಮನೆಯಿಂದಲೇ ಕಟ್ಟಿಕೊಂಡು ಹೋಗಬೇಡಿ. ಸಣ್ಣ ಊರಿನ ಹೋಟೆಲಿನಲ್ಲಿ ಕೂತು ತಿನ್ನಿ, ಅಲ್ಲಿಯ ಅಂಗಡಿಯಲ್ಲಿ ಏನಾದರೂ ಕೊಳ್ಳಿ. ಮನುಷ್ಯರ ಫೋಟೋ ತೆಗೆಯುವ ಮೊದಲು ಮಾತಾಡಿಸಿ, ಬೇಡವೆಂದರೆ ಕ್ಯಾಮೆರಾ ಕೆಳಗಿಳಿಸಿ. ರಾಗಿ ಹರಡಿದ್ದಲ್ಲಿ ಮೆಲ್ಲಗೆ ಹೋಗಿ. ನೀರಿನ ಬಾಟಲಿಯನ್ನು ಹೊಲಕ್ಕೆ ಎಸೆಯಬೇಡಿ. ಸಾಧ್ಯವಿದ್ದರೆ ಒಂದು ಸೀಟನ್ನು ಖಾಲಿ ಬಿಡಿ. ಇವೆಲ್ಲ ದೊಡ್ಡ ಪುಣ್ಯದ ಕೆಲಸಗಳೇನೂ ಅಲ್ಲ, ಇನ್ನೊಬ್ಬರ ಮನೆಗೆ ಹೋದಾಗ ನಾವು ಪಾಲಿಸುವ ಮರ್ಯಾದೆಗಳು ಮಾತ್ರ.

ಆ ದಿನ ಸೋಮನಾಥಪುರವನ್ನು ಬಿಟ್ಟೆವು. ಬದಲಿಗೆ ಮದ್ದೂರಿನಲ್ಲಿ ಅಬ್ಬಾಗೆ ಪರಿಚಯವಿದ್ದ ಒಬ್ಬ ಹಳೆಯ ಕಂಡಕ್ಟರನ ಮನೆ ಹುಡುಕಿದೆವು. ಸಿಕ್ಕಿತು. ಇಬ್ಬರು ಮುದುಕರು ಹಳೆಯ ಬಸ್ಸಿನ ಕ್ಲಚ್ಚಿನ ಬಗ್ಗೆ ಒಂದು ಗಂಟೆ ಮಾತಾಡಿದರು. ಮಗ ಪಕ್ಕದಲ್ಲಿ ಕೂತು ಕೇಳಿದ, ಗಡಿಯಾರ ನೋಡಲಿಲ್ಲ.

ಮಾರನೆಯ ದಿನ ಅಬ್ಬಾಗೆ ಸೊಂಟ ನೋವು. ಹಿಂದಿರುಗುವಾಗ ಹೆದ್ದಾರಿಯಲ್ಲೇ ಬಂದೆವು. ಅವರು ದಾರಿಯುದ್ದಕ್ಕೂ ನಿದ್ದೆ ಮಾಡಿದರು. ಒಳ್ಳೆಯ ರಸ್ತೆ, ಒಂದು ಕುಲುಕೂ ಇರಲಿಲ್ಲ. ಯಾರೂ ಕೈಯೊಡ್ಡಲಿಲ್ಲ, ಅಲ್ಲಿ ಕೈಯೊಡ್ಡಿ ನಿಲ್ಲಲು ಯಾರಿಗೂ ಜಾಗವಿಲ್ಲ. ಹೊರಡುವ ಮುನ್ನ ಸಾಮಾನು ತುಂಬುವಾಗ ಒಂದನ್ನು ಗಮನಿಸಿದೆ. ಯಾರೂ ಹೇಳದೆಯೇ ಮಗ ಬುತ್ತಿಯ ಚೀಲವನ್ನು ಡಿಕ್ಕಿಯಲ್ಲಿಟ್ಟಿದ್ದ.